ಎಸ್ಪೆರಾ ಅಂದರೆ ಕಾಯಿ

ಎರಡೆರಡು ಕೆಲಸ ಮಾಡುವ ವಸ್ತುಗಳ ಬಗ್ಗೆ ನನಗೆ ತಕರಾರಿಲ್ಲ. ಇರಲು ಸಾಧ್ಯವೂ ಇಲ್ಲ, ನಮ್ಮ ಮನೆ ನಡೆಯುವುದೇ ಅವುಗಳಿಂದ. ಅಡುಗೆಮನೆಯ ಸ್ಟೂಲು ಬೆಳಗ್ಗೆ ಹಾಲಿನ ಕ್ಯಾನು ಇಡುವ ಕಟ್ಟೆ, ಮಧ್ಯಾಹ್ನ ನಮ್ಮ ಅತ್ತೆಯವರು ಕಾಲು ಇಟ್ಟುಕೊಳ್ಳುವ ಪೀಠ, ನೆಂಟರು ಬಂದರೆ ಕುರ್ಚಿ. ನೂಲಿನ ಸೀರೆಯೊಂದು ಸೀರೆಯಾಗಿ ಬಾಳಿ, ಹಪ್ಪಳ ಒಣಗಿಸುವ ಹಾಸಾಗಿ, ಕಡೆಗೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಕಣ್ಮುಚ್ಚುತ್ತದೆ. ನಾನೂ ಅದೇ ಜಾತಿ. ಬೆಳಗಿನ ತಿಂಡಿ ಮುಗಿಯುವ ತನಕ ಹಿರಿಸೊಸೆ, ಆಮೇಲೆ ಹಿತ್ತಲ ಶೆಡ್ಡಿನ ಮ್ಯಾನೇಜರು. ಆದರೆ ಸ್ಟೂಲಿನ ಮೇಲೆ ಕ್ಯಾನು ಇದ್ದಾಗ ಅದು ಕಟ್ಟೆ ಎನ್ನುವುದು ಕಣ್ಣಿಗೆ ಕಾಣುತ್ತದೆ, ಯಾರೂ ಹೋಗಿ ಕ್ಯಾನಿನ ಮೇಲೆ ಕೂರುವುದಿಲ್ಲ. ಪದಗಳು ಹಾಗಲ್ಲ. ಅದೇ ಅಕ್ಷರ, ಅದೇ ಮುಖ. ಒಳಗೆ ಈಗ ಯಾವ ಕೆಲಸದಲ್ಲಿದೆ ಎನ್ನುವುದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅಂಥ ಒಂದು ಪದ ನಮ್ಮ ಶೆಡ್ಡಿಗೆ ಬಂದು ಕೂತು ಇಡೀ ಮನೆಯನ್ನು ಗೋಳು ಹುಯ್ದುಕೊಂಡಿತು. ಆ ಪದ ಎಸ್ಪೆರಾ. ಸ್ಪ್ಯಾನಿಷ್ ಭಾಷೆಯದು. ತಿಪಟೂರಿನ ತೆಂಗಿನ ತೋಟದ ಹೆಂಗಸಿಗೂ ಸ್ಪ್ಯಾನಿಷ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮೊದಮೊದಲು ನಾನೂ ಅದನ್ನೇ ಕೇಳುತ್ತಿದ್ದೆ.

ಸಂಬಂಧ ಕುದುರಿಸಿದವಳು ನನ್ನ ಓರಗಿತ್ತಿ ಗಿರಿಜಾ. ತಿಪಟೂರಿನಿಂದ ತುರುವೇಕೆರೆ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಮನೆ, ಹಿಂದೆ ತೋಟ, ತೋಟಕ್ಕೂ ಮನೆಗೂ ನಡುವೆ ಒಂದು ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ನಾನೂ ಗಿರಿಜಾಳೂ ಕಾಯಿ ತುರಿದು, ತುರಿಯನ್ನು ಒಣಗಿಸಿ, ಪ್ಯಾಕೆಟ್ಟು ಕಟ್ಟಿ, ಊರಿನ ಸಿಹಿತಿಂಡಿ ಅಂಗಡಿಗಳಿಗೂ ಮದುವೆ ಮನೆಗಳಿಗೂ ಕೊಡುತ್ತೇವೆ. ಈ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಕಾಯಿ ಇದೆ, ತುರಿ ಕೊಳ್ಳುವವರು ಯಾರು ಎಂದು ಶುರುವಿನಲ್ಲಿ ಕಂಡವರೆಲ್ಲ ನಕ್ಕರು. ಕಾಯಿ ಇದೆ, ತುರಿಯುವ ಕೈ ಇಲ್ಲ ಎಂಬುದು ಗಿರಿಜಾಳ ಲೆಕ್ಕ. ಲೆಕ್ಕ ಸರಿಯಾಯಿತು, ಕೈ ಮಾತ್ರ ಅವಳದೇ ಕೆಟ್ಟಿತು. ತುರಿಯೋ ಮಣೆಯ ಮೇಲೆ ಕೂತು ಕೂತು ಅವಳ ಬಲ ಭುಜ ಹಿಡಿದುಕೊಂಡು, ಕೈ ಮೇಲಕ್ಕೆ ಏಳದಂತಾಯಿತು. ಬೆಳಗ್ಗೆ ಅವಳ ಜಡೆಯನ್ನು ನಾನೇ ಹೆಣೆಯಬೇಕಿತ್ತು. ಡಾಕ್ಟರು, "ತುರಿಯೋದು ನಿಲ್ಲಿಸಿ, ಇಲ್ಲಾಂದ್ರೆ ಈ ಕೈ ಹಿಂಗೇ ನಿಂತುಬಿಡುತ್ತೆ" ಎಂದರು. ಗಿರಿಜಾ ಅವರ ಮಾತನ್ನು ಅರ್ಧ ಕೇಳಿದಳು. ತಾನು ತುರಿಯುವುದನ್ನು ನಿಲ್ಲಿಸಿ, ತುರಿಯುವ ಮೆಷಿನ್ನು ತರಿಸಿದಳು.

ಬೆಂಗಳೂರಿನ ಹತ್ತಿರ ಯಾವುದೋ ತಿಂಡಿ ಫ್ಯಾಕ್ಟರಿ ಮುಚ್ಚಿದಾಗ ಹೊರಬಿದ್ದ ಮೆಷಿನ್ನು ಅದು. ಹುಟ್ಟಿದ್ದು ಸ್ಪೇನಿನಲ್ಲಂತೆ. ಮೇಲಿನ ಬಾಯಿಗೆ ಕಾಯಿ ಹೋಳು ಸುರಿದರೆ ಒಳಗೇ ತುರಿದು, ಬಿಸಿಗಾಳಿಯಲ್ಲಿ ಒಣಗಿಸಿ, ಕೆಳಗಿನ ಬಾಯಿಯಿಂದ ಉದುರುದುರಾಗಿ ಸುರಿಸುತ್ತದೆ. ಮೈಯೆಲ್ಲ ಸ್ಟೀಲು. ಎದೆಯ ಮೇಲೆ ಅಂಗೈಯಗಲದ ಪರದೆ, ಅದರ ಕೆಳಗೆ ಹಸಿರು ಗುಂಡಿಯೊಂದು, ಕೆಂಪು ಗುಂಡಿಯೊಂದು. ಪರದೆಯ ಮೇಲೆ ಬರುವುದೆಲ್ಲ ಸ್ಪ್ಯಾನಿಷ್. ಭಾಷೆ ಬದಲಾಯಿಸಬೇಕಾದರೆ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಗೊತ್ತಿದ್ದ ಪುಣ್ಯಾತ್ಮ ಫ್ಯಾಕ್ಟರಿ ಮುಚ್ಚಿದ ದಿನವೇ ತನ್ನ ದಾರಿ ಹಿಡಿದಿದ್ದ. ತಂದುಕೊಟ್ಟ ಏಜೆಂಟು, "ಓದೋದೇನ್ ಬಂತು ಅಕ್ಕಾ, ಹಸಿರು ಒತ್ತಿದ್ರೆ ಓಡ್ತದೆ, ಕೆಂಪು ಒತ್ತಿದ್ರೆ ನಿಲ್ತದೆ, ಸಿಗ್ನಲ್ ಲೈಟ್ ಇದ್ದಂಗೆ" ಎಂದು ಹೇಳಿ ಟೆಂಪೋ ಹತ್ತಿದ. ಅತ್ತೆಯವರು ಮೆಷಿನ್ನಿಗೆ ವಿಭೂತಿ ಬಳಿದು, ಹೂ ಮುಡಿಸಿ, ಮುಂದೆ ಕಾಯಿ ಒಡೆದರು. "ಪರದೇಶಿ ಕಣ್ರೇ ಪಾಪ, ಭಾಷೆ ಬರಲ್ಲ. ಒಸಿ ನೋಡ್ಕಳಿ" ಎಂದು ನಮ್ಮಿಬ್ಬರಿಗೂ ಹೇಳಿದರು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಬಗ್ಗೆ ಯಾರಿಗೂ ಅವರು ಹೀಗೆ ಹೇಳಿದ್ದು ನೆನಪಿಲ್ಲ.

ಮೊದಲ ದಿನ ಮೆಷಿನ್ನು ಹೇಳಿದ ಹಾಗೆ ಓಡಿತು. ಮರುದಿನ ಹಸಿರು ಒತ್ತಿದರೆ ಪರದೆಯ ಮೇಲೆ ಎಸ್ಪೆರಾ ಎಂದು ಬಂದು ನಿಂತಿತು. ನಾವೂ ನಿಂತೆವು. ಸ್ವಲ್ಪ ಹೊತ್ತಿಗೆ ತನ್ನಷ್ಟಕ್ಕೆ ತಾನೇ ಓಡತೊಡಗಿತು. ಓಹೋ, ಎಸ್ಪೆರಾ ಬಂದರೆ ಸುಮ್ಮನೆ ನಿಲ್ಲಬೇಕು ಎಂದು ಕಲಿತೆವು. ಅದರ ಮರುದಿನ ಹಾಗೇ ನಿಂತೆವು. ಇನ್ನೇನು ಓಡುತ್ತದೆ, ಈಗ ಓಡುತ್ತದೆ ಎಂದು ಊಟದ ಹೊತ್ತಿನ ತನಕ ನಿಂತರೂ ಅದು ಮಿಸುಕಲಿಲ್ಲ. ಗಿರಿಜಾ ಬೇಸರಕ್ಕೆ ಹಸಿರು ಗುಂಡಿಯನ್ನು ಒಂದು ಸಲ ಕುಟ್ಟಿದಳು, ತಕ್ಷಣ ಓಡಿತು. ಓಹೋ, ಎಸ್ಪೆರಾ ಬಂದರೆ ಮತ್ತೆ ಹಸಿರು ಒತ್ತಬೇಕು ಎಂದು ಪಾಠ ತಿದ್ದಿಕೊಂಡೆವು. ಆಮೇಲಿನ ದಿನ ಎಸ್ಪೆರಾ ಕಂಡ ಕೂಡಲೇ ಒತ್ತಿದೆವು. ಒಳಗಿನಿಂದ ಎಮ್ಮೆ ನರಳಿದಂಥ ಒಂದು ಸದ್ದು ಬಂತು, ಪರದೆ ಕಪ್ಪಾಯಿತು, ಇಡೀ ಬೆಳಗು ಮೆಷಿನ್ನು ಬಾಯಿಬಿಡಲಿಲ್ಲ. ಸುರಿದಿದ್ದ ಹೋಳು ಒಳಗೇ ಮುಗ್ಗಿ ಹೋಯಿತು. ಗಿರಿಜಾ ಫೋನಿನ ಕ್ಯಾಮೆರಾ ಹಿಡಿದು ಪರದೆಯನ್ನು ಓದಿಸಿದಳು. ಫೋನು ಒಂದು ಸಲ "ಕಾಯಿರಿ" ಎಂದಿತು, ಕೈ ಸ್ವಲ್ಪ ಅಲುಗಿದರೆ "ನಿರೀಕ್ಷೆ" ಎಂದಿತು, ಮತ್ತೆ ಅಲುಗಿದರೆ "ಭರವಸೆ" ಎಂದಿತು. "ಭರವಸೆ ಅಂತ ಬತ್ತಾ ಐತೆ ಕಣಕ್ಕ, ಗ್ಯಾರಂಟಿ ಇನ್ನೂ ಮುಗ್ದಿಲ್ಲ ಅನ್ಸುತ್ತೆ" ಎಂದು ಗಿರಿಜಾ ಏಜೆಂಟಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ.

ಈ ಹೊತ್ತಿಗೆ ಸರಿಯಾಗಿ ಗಿರಿಜಾಳ ಗಂಡ, ನನ್ನ ಮೈದುನ ಶಿವಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತ. ಶಿವಣ್ಣ ಕೆಟ್ಟವನಲ್ಲ. ಅವನಿಗೆ ಒಂದು ಟಿಲ್ಲರು ಇದೆ, ಅದನ್ನು ಮಳೆ ಬಿಸಿಲಿನಲ್ಲಿ ನಿಲ್ಲಿಸಲು ಮನಸ್ಸಿಲ್ಲ, ಅಷ್ಟೇ. ಹೆಂಡತಿಗೆ ಭುಜ ಹಿಡಿದುಕೊಂಡರೆ ಗಂಡಸರು ಒಂದು ಸಲ ಅಯ್ಯೋ ಎನ್ನುತ್ತಾರೆ, ಟಿಲ್ಲರಿನ ಬೋಲ್ಟು ತುಕ್ಕು ಹಿಡಿದರೆ ವಾರವೆಲ್ಲ ಕೊರಗುತ್ತಾರೆ. "ನೋಡಿ ಅತ್ತಿಗೆ" ಎಂದ ಅವನು. "ಈ ತಿಂಗಳು ಮುಗಿಯೋಗಂಟ ನೋಡ್ತೀನಿ. ಆಮೇಲೆ ಚಿಕ್ಕನಾಯಕನಹಳ್ಳಿಯಿಂದ ಹಳೇ ಮೆಷಿನ್ ತಗಳೋ ಮಲ್ಲಣ್ಣ ಬತ್ತಾನೆ. ಅವನ ಗಾಡಿಗೆ ಏರಿಸಿಬುಟ್ಟು ಶೆಡ್ಡು ಖಾಲಿ ಮಾಡ್ತೀನಿ." ಗಿರಿಜಾ, "ಹಂಗಾದ್ರೆ ತುರಿ ಏನ್ ಮಾಡೋದು" ಎಂದಳು. "ಮಣೆ ಐತಲ್ಲ, ಹೆಂಗೂ ಮೊದ್ಲು ಮಾಡ್ತಿದ್ರಲ್ಲ" ಎಂದು ಹೇಳಿ ಅವನು ಹೋದ. ಗಿರಿಜಾ ಎಡಗೈಯಿಂದ ಬಲ ಭುಜವನ್ನು ಹಿಡಿದುಕೊಂಡು ಮೆಷಿನ್ನಿನ ಪರದೆಯನ್ನೇ ನೋಡುತ್ತ ನಿಂತಳು. ನನಗೆ ಹಟ ಬಂದದ್ದು ಆಗ. ಆ ಮಣೆಯ ಮೇಲೆ ಇವಳು ಮತ್ತೆ ಕೂರಬಾರದು. ಕೂರಬಾರದು ಅಂದರೆ ಈ ಮೆಷಿನ್ನು ಏನು ಹೇಳುತ್ತಿದೆ ಎನ್ನುವುದು ಯಾರಿಗಾದರೂ ಗೊತ್ತಾಗಬೇಕು. ಪಿಯುಸಿ ತನಕ ಓದಿದ್ದು, ಕನ್ನಡ ವ್ಯಾಕರಣದಲ್ಲಿ ಒಳ್ಳೆಯ ಅಂಕ ತೆಗೆದದ್ದು ಈ ಮನೆಯಲ್ಲಿ ನಾನೊಬ್ಬಳೇ. "ಬುಡು ಗಿರಿಜಾ, ನಾನು ಸ್ಪ್ಯಾನಿಷ್ ಕಲೀತೀನಿ" ಎಂದೆ. ಅವಳು ನನ್ನ ಮುಖವನ್ನು ನೋಡಿ, "ಮೊದ್ಲು ಊಟ ಮಾಡು ಕಣಕ್ಕ" ಎಂದಳು.

ಫೋನಿನಲ್ಲಿ ಪುಕ್ಕಟೆ ಕಲಿಸುವ ಪಾಠಗಳಿವೆ. ಉಪ್ಪಿನ ಜಾಡಿಗೆ ಫೋನು ಒರಗಿಸಿಟ್ಟು, ಮುದ್ದೆ ತೊಳಸುತ್ತ ಕಲಿಯಲು ಕೂತೆ. ಪಾಠ ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಾನೇ ಕನ್ನಡಕ್ಕೆ ಹೊತ್ತುಕೊಂಡು ಬರಬೇಕು. ದಾರಿಯಲ್ಲಿ ಒಂದಷ್ಟು ಚೆಲ್ಲಿ ಹೋಗುತ್ತಿತ್ತು. ಮೊದಲ ವಾರವೆಲ್ಲ ಹುಡುಗ ಸೇಬು ತಿನ್ನುತ್ತಾನೆ, ಹುಡುಗಿ ನೀರು ಕುಡಿಯುತ್ತಾಳೆ ಎಂಬುದರಲ್ಲೇ ಕಳೆಯಿತು. ನನಗೆ ಬೇಕಾದದ್ದು ಒಂದು ಪದ, ಅವರು ಕೊಡುತ್ತಿದ್ದದ್ದು ಇಡೀ ಸಂಸಾರ. ತೊಳಸುವ ಕೋಲು ಆಡಿಸುತ್ತ ನಾನು ಜೋರಾಗಿ ಹೇಳಿಕೊಳ್ಳುತ್ತಿದ್ದರೆ ನಡುಮನೆಯಿಂದ ಅತ್ತೆಯವರು, "ಅದ್ಯಾರನ್ನೇ ಬೈತಿದೀಯ" ಎಂದು ಕೇಳುತ್ತಿದ್ದರು. ಬೈಗುಳವಲ್ಲ, ಪಾಠ ಎಂದರೆ, "ಒಲೆ ಮುಂದೆ ಒಳ್ಳೆ ಮಾತಾಡು, ಮುದ್ದೆ ಗಂಟಾಗ್ತದೆ" ಎನ್ನುತ್ತಿದ್ದರು. ಒಂದು ದಿನ ಮುದ್ದೆ ಗಂಟೇ ಆಯಿತು. ನಮ್ಮವರು ಬೆಳಗ್ಗೆ ದಬ್ಬೇಘಟ್ಟದ ಬಸ್ಸು ಹಿಡಿದು ಕೆಲಸಕ್ಕೆ ಹೋದರೆ ಸಂಜೆ ಬರುವವರು, ಮನೆಯ ವಿಷಯಕ್ಕೆ ತಲೆ ಹಾಕುವವರಲ್ಲ. ಅವರೂ ಒಂದು ತುತ್ತು ಮುರಿದು, "ಇದು ಯಾವ ದೇಶದ್ದು" ಎಂದು ಕೇಳಿದರು.

ಕಡೆಗೊಂದು ದಿನ ಎಸ್ಪೆರಾ ಪಾಠದಲ್ಲಿ ಬಂತು. ದೂರದ ನೆಂಟರು ಬಸ್ಸಿನಿಂದ ಇಳಿದ ಹಾಗೆ ನನಗೆ ಸಂತೋಷವಾಯಿತು. ಅರ್ಥ ನೋಡಿದರೆ ಇಂಗ್ಲಿಷಿನಲ್ಲಿ ವೇಟ್ ಎಂದಿತ್ತು. ಅಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು, ಮುಂದಿನ ಪಾಠದಲ್ಲಿ ಅದೇ ಎಸ್ಪೆರಾ ಬೇರೆ ವೇಷದಲ್ಲಿ ಬಂತು. ಒಂದು ಕಡೆ ಅದು ಕ್ರಿಯಾಪದ, ಯಾರಿಗೋ ಕಾಯಲು ಹೇಳುತ್ತಿದೆ. ಇನ್ನೊಂದು ಕಡೆ ನಾಮಪದ, ಕಾಯುವಿಕೆ ಎಂಬ ಸ್ಥಿತಿಯೇ ಅದರ ಅರ್ಥ. ಇಂಗ್ಲಿಷಿನ ವೇಟ್ ಕೂಡ ಹಾಗೇ ಎರಡೂ ಕಡೆ ಕಾಲಿಟ್ಟಿರುವ ಪದವಾದ್ದರಿಂದ ಅಲ್ಲಿಂದಲೂ ಸಹಾಯ ಸಿಗಲಿಲ್ಲ. ಸೌದೆ ಹೊರಗೆಳೆದು ಒಲೆ ಆರಿಸಿ ಕೂತು ಯೋಚನೆ ಮಾಡಿದೆ. ಶೆಡ್ಡಿನಲ್ಲಿ ನಡೆದದ್ದೆಲ್ಲ ಆಗ ಕಣ್ಣ ಮುಂದೆ ಬಿಚ್ಚಿಕೊಂಡಿತು. ಮೆಷಿನ್ನು ಒಂದೊಂದು ಸಲ ಕ್ರಿಯಾಪದದಲ್ಲಿ ಮಾತಾಡುತ್ತದೆ: ನನ್ನ ಹೊಟ್ಟೆ ಬಿಸಿಯಾಗಬೇಕು, ನೀನು ಕಾಯಿ. ಆಗ ನಾವು ಗುಂಡಿ ಒತ್ತಿದರೆ ಅದಕ್ಕೆ ಸಿಟ್ಟು. ಇನ್ನೊಂದೊಂದು ಸಲ ನಾಮಪದದಲ್ಲಿ ಮಾತಾಡುತ್ತದೆ: ನಾನು ಕಾಯುವ ಸ್ಥಿತಿಯಲ್ಲಿದ್ದೇನೆ, ನೀನೇ ಏನಾದರೂ ಮಾಡು. ಆಗ ನಾವು ಕೈಕಟ್ಟಿ ನಿಂತರೆ ಯುಗ ಕಳೆದರೂ ಓಡುವುದಿಲ್ಲ. ಅಂದರೆ ಅವತ್ತು ಊಟದ ಹೊತ್ತಿನ ತನಕ ನಾವು ಅದಕ್ಕೆ ಕಾಯುತ್ತಿದ್ದೆವು, ಅದು ನಮಗೆ ಕಾಯುತ್ತಿತ್ತು. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಮಾತ್ರ ಇಂಥದ್ದು ನಡೆಯುತ್ತದೆ.

ಗಿರಿಜಾಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಯಾವ್ದು ಅಂತ ಹೆಂಗೆ ತಿಳ್ಕಳೋದು?" ಅದಕ್ಕೂ ಪಾಠದಲ್ಲಿ ಉತ್ತರವಿತ್ತು. ನಾಮಪದವಾದರೆ ಮುಂದೆ ಲಾ ಎಂದು ಸೇರಿಸುತ್ತಾರಂತೆ, ಲಾ ಎಸ್ಪೆರಾ. ಗಿರಿಜಾ ಹುಬ್ಬೇರಿಸಿದಳು. "ಲಾ ಅಂತನಾ? ಏನ್ಲಾ, ಬಾರ್ಲಾ ಅಂದಂಗಾ?" ನಮ್ಮ ಕಡೆ ಲಾ ಎನ್ನುವುದು ಗಂಡಸರು ಗಂಡಸರಿಗೇ ಹೇಳಿಕೊಳ್ಳುವ ಸಲುಗೆಯ ಮಾತು, ಅದೂ ಪದದ ಬಾಲಕ್ಕೆ ಬರುತ್ತದೆ. ಅವರಲ್ಲಿ ತಲೆಗೆ ಬರುತ್ತದೆ, ಹೆಣ್ಣು ಪದಗಳಿಗೆ ಮಾತ್ರ ಬರುತ್ತದೆ ಎಂದು ವಿವರಿಸಿದೆ. "ಹೆಂಗಸ್ರಿಗೆ ಲಾ ಅಂತಾರಾ? ಏನ್ ಜನಾನೋ" ಎಂದಳು ಗಿರಿಜಾ. ಆದರೆ ಪರದೆಯ ಮೇಲೆ ನಾವು ಎಷ್ಟು ಹುಡುಕಿದರೂ ಲಾ ಕಾಣಲಿಲ್ಲ. ಮೆಷಿನ್ನಿನವರು ಜಾಗ ಉಳಿಸಲು ಅದನ್ನು ಬಿಟ್ಟಿರಬೇಕು. ನಾಮಪದವೂ ಎಸ್ಪೆರಾ, ಕ್ರಿಯಾಪದವೂ ಎಸ್ಪೆರಾ. ತಿಂಗಳು ಅರ್ಧ ಮುಗಿದಿತ್ತು.

ಇರುವಷ್ಟಾದರೂ ಬಳಸೋಣ ಎಂದು ಪರದೆಯ ಕೆಳಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಲು ತೀರ್ಮಾನಿಸಿದೆ. ಬಹಳ ಸಲ ಬರುವುದು ಕ್ರಿಯಾಪದವೇ ಎಂಬುದು ನನ್ನ ಅಂದಾಜು. ನಾವಿಲ್ಲದಾಗ ಶೆಡ್ಡು ನೋಡಿಕೊಳ್ಳುವ ಸಿದ್ದಮ್ಮನಿಗೆ ಗೊತ್ತಾಗಬೇಕಲ್ಲ. ಸಿದ್ದಮ್ಮ ನಮ್ಮ ಜೊತೆ ಮೊದಲಿನಿಂದಲೂ ಇರುವವಳು, ಓದು ಬಲ್ಲವಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಮೊದಲು ವೇಟ್ ಎಂದು ಬರೆಯೋಣವೆಂದುಕೊಂಡೆ. ಆದರೆ ಪಕ್ಕದಲ್ಲೇ ಇರುವ ತಕ್ಕಡಿಯ ಮೇಲೆ ನಾನೇ ಹಿಂದೆ ವೇಟ್ ಎಂದು ಅಂಟಿಸಿದ್ದೆ, ಅಲ್ಲಿ ಅದು ತೂಕ. ಸಿದ್ದಮ್ಮ ಮೆಷಿನ್ನಿನ ಮೇಲೆ ಪ್ಯಾಕೆಟ್ಟು ಇಟ್ಟು ತೂಕ ನೋಡಿದರೆ ಕಷ್ಟ. ಕಾಯಿರಿ ಎಂದು ಬರೆಯಬಹುದಿತ್ತು. ಅಲ್ಲಿ ನನ್ನ ವಿದ್ಯೆ ಅಡ್ಡ ಬಂತು. ಎಸ್ಪೆರಾ ಎನ್ನುವುದು ಸಲುಗೆಯವರಿಗೆ ಹೇಳುವ ರೂಪ, ಮರ್ಯಾದೆ ಕೊಡಬೇಕಾದವರಿಗೆ ಎಸ್ಪೆರೆ ಎನ್ನಬೇಕು ಎಂದು ಹಿಂದಿನ ದಿನವಷ್ಟೇ ಕಲಿತಿದ್ದೆ. ಇಲ್ಲದ ರೀ ಸೇರಿಸುವುದು ತಪ್ಪಾಗುತ್ತದೆ. ಅನುವಾದ ಅನುವಾದದ ಹಾಗೇ ಇರಬೇಕು ಎಂದು ದಪ್ಪ ಅಕ್ಷರದಲ್ಲಿ, ಏಕವಚನದಲ್ಲಿ, "ಕಾಯಿ" ಎಂದು ಬರೆದು ಅಂಟಿಸಿದೆ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಅಕ್ಷರಗಳು ಚೆನ್ನಾಗಿ ಬಂದಿದ್ದವು.

ಉಳಿದದ್ದನ್ನು ತೆಂಗಿನ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಮರುದಿನ ನಾನೂ ಗಿರಿಜಾಳೂ ಅವಳ ಭುಜ ತೋರಿಸಲು ಡಾಕ್ಟರ ಹತ್ತಿರ ಹೋಗಿದ್ದೆವು. ಬಂದು ನೋಡಿದರೆ ಸಿದ್ದಮ್ಮ ಮೆಷಿನ್ನಿನ ಮುಂದೆ ಸೆರಗು ಸೊಂಟಕ್ಕೆ ಕಟ್ಟಿ ನಿಂತಿದ್ದಾಳೆ. ಮೆಷಿನ್ನು ಹೊಟ್ಟೆ ತುಂಬಿಕೊಂಡು ಸುಮ್ಮನಾಗಿದೆ. ಮೇಲಿನ ಬಾಯಿಯಿಂದ ಸುಲಿದ ಇಡೀ ಕಾಯಿಯೊಂದು ಇಣುಕಿ ನೋಡುತ್ತಿದೆ. "ಇದೇನು ಸಿದ್ದಮ್ಮ" ಎಂದೆ.

"ಅದು ಕೇಳ್ತು ಕಣಮ್ಮ, ಹಾಕ್ದೆ" ಎಂದಳು.

"ಏನು ಕೇಳ್ತು?"

"ಕಾಯಿ. ನೀವೇ ಬರ್ದಿದೀರಲ್ಲ. ಆ ಪದ ಬಂದಾಗೆಲ್ಲ ಕಾಯಿ ಹಾಕಿ ಅಂತ. ಹಾಕ್ದೆ, ಮತ್ತೂ ಕೇಳ್ತು, ಮತ್ತೂ ಹಾಕ್ದೆ. ಹೋಳು ಮಾಡಿ ಹಾಕಾಣ ಅಂದ್ರೆ ಹೋಳು ಅಂತ ನೀವು ಬರ್ದಿರ್ಲಿಲ್ಲ."

ಗಿರಿಜಾ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು. ಅತ್ತೆಯವರು ಬಂದು ಚೀಟಿ ಓದಿಸಿಕೊಂಡು, ನಾನು ಕೊಟ್ಟ ವಿವರಣೆಯನ್ನೆಲ್ಲ ಕೇಳಿ, "ನಮ್ಮನೇ ಶೆಡ್ಡಾಗೆ ನಿಂತ್ಕಂಡು ನಮ್ಗೇ ಏಕವಚನದಾಗೆ ಮಾತಾಡ್ತದಾ ಅದು? ಪರದೇಶಿ ಅಂತ ಸಲುಗೆ ಕೊಟ್ಟಿದ್ದೇ ತಪ್ಪು" ಎಂದರು. ಸಂಜೆ ಶಿವಣ್ಣ ಪಾನಾ ಹಿಡಿದು ಮೆಷಿನ್ನಿನ ಹೊಟ್ಟೆ ಬಿಚ್ಚಿ ಕಾಯಿಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಒಂದೊಂದು ತೆಗೆದಾಗಲೂ ನನ್ನ ಕೈಗೆ ಕೊಟ್ಟು, "ತಗಳಿ ಅತ್ತಿಗೆ, ಸ್ಪ್ಯಾನಿಷ್" ಎಂದ. ಒಂದು ಸ್ವಲ್ಪ ಮರ್ಯಾದೆ ಕೊಟ್ಟು ರೀ ಸೇರಿಸಿದ್ದರೆ ಇದೊಂದೂ ಆಗುತ್ತಿರಲಿಲ್ಲ. ನಾನು ಚೀಟಿಯನ್ನು ಕಿತ್ತೆ. ಪಾಠವನ್ನು ಕಿತ್ತುಹಾಕುವ ಮನಸ್ಸೂ ಆಯಿತು, ಆದರೆ ಗಿರಿಜಾ ಬಚ್ಚಲಮನೆಯ ಕಡೆಯಿಂದ ಬಾಚಣಿಗೆ ಹಿಡಿದುಕೊಂಡು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಜಡೆ ಹೆಣೆಯುತ್ತ, "ನಾಳೆಯಿಂದ ಒರೆಸೋದು, ತೊಳೆಯೋದು ಎಲ್ಲ ನಾನೇ ಮಾಡ್ತೀನಿ. ಅದರ ಪಕ್ಕದಿಂದ ಏಳಲ್ಲ" ಎಂದೆ. "ಹೂಂ" ಎಂದಳು.

ಹಾಗೇ ಮಾಡಿದೆ. ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು ಎಲ್ಲವನ್ನೂ ಶೆಡ್ಡಿಗೆ ಒಯ್ದೆ. ಮೆಷಿನ್ನಿನ ಮುಂದೆ ಕೂತು, ಎಸ್ಪೆರಾ ಬಂದಾಗಲೆಲ್ಲ ಮೊರ ಕೆಳಗಿಟ್ಟು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದೆ. ಒಂದು ದಿನ ಹೊಟ್ಟೆಯ ಭಾಗ ಒರೆಸುತ್ತ ಅಂಗೈ ಊರಿದಾಗ ಒಳಗೆ ಗುಂಯ್ ಎಂಬ ನಡುಕ ತಾಗಿತು. ಕಿವಿಗೆ ಕೇಳದಷ್ಟು ಸಣ್ಣದು, ಬೆಕ್ಕು ಮಲಗಿದ್ದಾಗ ಗೊರಗುಟ್ಟುವ ಹಾಗೆ. ಪರದೆಯ ಮೇಲೆ ಎಸ್ಪೆರಾ ಇತ್ತು. ಕೈ ತೆಗೆಯದೆ ನಿಂತೆ. ಸ್ವಲ್ಪ ಹೊತ್ತಿಗೆ ಮೆಷಿನ್ನು ತಾನಾಗೇ ಓಡಿತು. ಮತ್ತೊಂದು ದಿನ ನಡುವೆ ಕರೆಂಟು ಹೋಗಿ ಬಂತು, ಆಗಲೂ ಎಸ್ಪೆರಾ. ಅಂಗೈ ಊರಿದೆ, ಒಳಗೆ ಸದ್ದಿಲ್ಲ, ನಡುಕವಿಲ್ಲ. ಹಸಿರು ಒತ್ತಿದೆ, ಓಡಿತು. ನನ್ನ ವ್ಯಾಕರಣದ ಮೇಷ್ಟ್ರು ತರಗತಿಯಲ್ಲಿ ಹೇಳುತ್ತಿದ್ದದ್ದು ಇಷ್ಟೇ: ಕ್ರಿಯಾಪದ ಕೆಲಸ ಮಾಡುತ್ತದೆ, ನಾಮಪದ ಇರುತ್ತದೆ. ಒಳಗೆ ಕೆಲಸ ನಡೆಯುತ್ತಿದ್ದರೆ ಕ್ರಿಯಾಪದ, ಸುಮ್ಮನೆ ಇದ್ದರೆ ನಾಮಪದ. ಲಾ ಇಲ್ಲದಿದ್ದರೇನು, ಹೊಟ್ಟೆ ಮುಟ್ಟಿ ನೋಡಿದರೆ ಸಾಕು. ಗಿರಿಜಾಳನ್ನು ಕರೆದು ಅವಳ ಅಂಗೈಯನ್ನು ಅಲ್ಲಿಟ್ಟೆ. ಬಸುರಿಯ ಹೊಟ್ಟೆ ಮುಟ್ಟಿದ ಹಾಗೆ ಅವಳು ಉಸಿರು ಬಿಗಿಹಿಡಿದು ನಿಂತು, "ಒದೀತಾ ಐತೆ ಕಣಕ್ಕ" ಎಂದಳು.

ಈ ಸಲ ಚೀಟಿ ಅಂಟಿಸಲಿಲ್ಲ, ಬಾಯಲ್ಲೇ ಕಲಿಸಿದೆ. ಆದರೂ ಕನ್ನಡ ಇನ್ನೊಂದು ಸಲ ಕೈಕೊಟ್ಟಿತು. ಮದುವೆ ಮನೆಯೊಂದಕ್ಕೆ ತುರಿ ಕೊಡಲು ಶೆಟ್ಟಿಕೆರೆಗೆ ಹೋಗಿದ್ದ ಗಿರಿಜಾ ಅಲ್ಲಿಂದ ಫೋನು ಮಾಡಿ, "ಮೆಷಿನ್ನು ಏನ್ ಮಾಡ್ತಾ ಐತೆ ಸಿದ್ದಮ್ಮ" ಎಂದು ಕೇಳಿದಳು. ಹೊಟ್ಟೆ ಮುಟ್ಟಿ ನೋಡಿದ ಸಿದ್ದಮ್ಮ, "ಕಾಯ್ತಾ ಐತೆ ಕಣಕ್ಕ" ಎಂದಳು. ಅವಳು ಹೇಳಿದ್ದು ನೀರು ಕಾಯುವ ಕಾಯುವುದು, ಬಿಸಿಯಾಗುತ್ತಿದೆ ಎಂದು. ಇವಳು ಕೇಳಿಸಿಕೊಂಡದ್ದು ಬಸ್ಸಿಗೆ ಕಾಯುವ ಕಾಯುವುದು, ನಮಗಾಗಿ ನಿಂತಿದೆ ಎಂದು. "ಹಂಗಾದ್ರೆ ಒತ್ತು" ಎಂದಳು. ಸಿದ್ದಮ್ಮ ಒತ್ತಿದಳು. ಎಮ್ಮೆ ನರಳಿತು. ಸ್ಪ್ಯಾನಿಷ್‌ನವರ ಒಂದು ಪದ ಎರಡು ಕೆಲಸ ಮಾಡುತ್ತದೆ ಎಂದು ನಾನು ಇಷ್ಟು ದಿನ ಆಡಿಕೊಂಡಿದ್ದೆ. ನಮ್ಮ ಕಾಯಿ ಮರದ ಮೇಲಿರುತ್ತದೆ, ಒಲೆಯ ಮೇಲಿರುತ್ತದೆ, ಬಸ್‌ಸ್ಟ್ಯಾಂಡಿನಲ್ಲೂ ಇರುತ್ತದೆ, ಅದನ್ನು ನಾವು ಯಾರೂ ಕೇಳಿದವರಲ್ಲ. ಅವತ್ತೇ ಶೆಡ್ಡಿನೊಳಗೆ ಕಾಯುವ ಮಾತು ಆಡಕೂಡದು ಎಂದು ಕಟ್ಟುನಿಟ್ಟು ಮಾಡಿದೆ. ಕ್ರಿಯಾಪದ, ನಾಮಪದ, ಇಷ್ಟೇ ಹೇಳಬೇಕು. ಸಿದ್ದಮ್ಮ ಒಂದೇ ದಿನಕ್ಕೆ ಕಲಿತಳು. ಹೊರಗೆ ಸೊಪ್ಪು ಮಾರುವವಳು ನಿಂತಿದ್ದರೆ ಒಳಗಿನಿಂದ, "ಅಮ್ಮಾ, ನಾಮಪದ ಆಗೈತೆ, ಒತ್ಲಾ?" ಎಂದು ಕೂಗುತ್ತಿದ್ದಳು. ಸೊಪ್ಪಿನವಳು ನಮ್ಮ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ರಸ್ತೆಯವರಿಗೆಲ್ಲ ಹೇಳಿಕೊಂಡು ಹೋದಳು.

ತಿಂಗಳ ಕೊನೆಯ ಸೋಮವಾರ ಮಲ್ಲಣ್ಣ ಟೆಂಪೋ ತಂದೇಬಿಟ್ಟ. ದಪ್ಪ ಮನುಷ್ಯ, ಹೆಗಲ ಮೇಲೆ ಹಗ್ಗದ ಸುರುಳಿ. ಶೆಡ್ಡಿನೊಳಗೆ ಬಂದವನೇ ಮೆಷಿನ್ನಿನ ಮೈಯನ್ನು ಸಂತೆಯಲ್ಲಿ ಎತ್ತು ನೋಡುವ ಹಾಗೆ ತಟ್ಟಿ ನೋಡಿದ. ಶಿವಣ್ಣ ನಮ್ಮ ಕಡೆ ತಿರುಗಿ, "ಒಂದ್ಸಲ ಓಡಿಸಿ ತೋರ್ಸಿ ಅತ್ತಿಗೆ. ಓಡಿದ್ರೆ ನಾನು ಬಾಯಿ ಬಿಡಲ್ಲ. ಓಡ್ಲಿಲ್ಲ ಅಂದ್ರೆ ನೀವು ಬಿಡಬ್ಯಾಡಿ" ಎಂದ. ಹೋಳು ಸುರಿದೆವು. ಗಿರಿಜಾ ಹಸಿರು ಒತ್ತಿದಳು. ಪರದೆಯ ಮೇಲೆ ಎಸ್ಪೆರಾ ಬಂತು. ಅಂಗೈ ಊರಿ ನೋಡಿ, "ಕ್ರಿಯಾಪದ" ಎಂದಳು. ಮಲ್ಲಣ್ಣ ಬಾಗಿಲ ಕಡೆ ನೋಡಿದ, ಯಾರೋ ಬಂದರು ಎಂದುಕೊಂಡನೋ ಏನೋ. ನಿಂತೆವು. ನಿಂತಷ್ಟೂ ಹೊತ್ತು ದೊಡ್ಡದಾಯಿತು. ಟೆಂಪೋದವನು ಹೊರಗೆ ಹಾರನ್ನು ಹೊಡೆದ. ಶಿವಣ್ಣ ತಡೆಯಲಾರದೆ, "ಅದೇನ್ ನೋಡ್ತೀರಿ, ಇನ್ನೊಂದ್ಸಲ ಒತ್ತಿ" ಎನ್ನುತ್ತ ಗುಂಡಿಯ ಕಡೆ ಕೈ ಚಾಚಿದ. ನಾನು ಮೈದುನನ ಕೈಯನ್ನು ಇಷ್ಟು ವರ್ಷದಲ್ಲಿ ಹಿಡಿದವಳಲ್ಲ. ಅವತ್ತು ಮಣಿಕಟ್ಟು ಹಿಡಿದೆ. "ಕೈ ತೆಗಿ ಶಿವಣ್ಣ. ಅದು ಕೆಲಸ ಮಾಡ್ತಾ ಐತೆ." ಅವನು ಕೈ ತೆಗೆದ.

ಆಗ ಕರೆಂಟು ಹೋಯಿತು. ಹೋದದ್ದು ಒಂದು ಗಳಿಗೆ, ಬಲ್ಬು ಮಿಟುಕಿ ಮತ್ತೆ ಬಂತು. ಪರದೆಯೂ ಬಂತು. ಎಸ್ಪೆರಾ. ಮಲ್ಲಣ್ಣ ಹೆಗಲ ಮೇಲಿನ ಹಗ್ಗವನ್ನು ಇಳಿಸಿ ಬಿಚ್ಚತೊಡಗಿದ. ಗಿರಿಜಾ ಮೆಷಿನ್ನಿನ ಹೊಟ್ಟೆ ಮುಟ್ಟಿದಳು, ಬೇರೆ ಕಡೆ ಮುಟ್ಟಿದಳು. "ಬಿಸಿ ಐತೆ ಅಕ್ಕ, ಸದ್ದಿಲ್ಲ." ನಾನೂ ಅಂಗೈ ಇಟ್ಟೆ. ಸುಡುವಷ್ಟು ಬಿಸಿ, ಒಳಗೆ ಏನೂ ಇಲ್ಲ. ಬಿಸಿ ಇದ್ದರೆ ಇನ್ನೂ ಕೆಲಸ ನಡೆಯುತ್ತಿದೆಯೋ, ಸದ್ದಿಲ್ಲದಿದ್ದರೆ ಮುಗಿದಿದೆಯೋ. ತಪ್ಪಿ ಒತ್ತಿದರೆ ಎಮ್ಮೆ ನರಳುತ್ತದೆ, ಹಗ್ಗ ಬೀಳುತ್ತದೆ. ಒತ್ತದೆ ನಿಂತರೆ ಹಗ್ಗ ಹೇಗೂ ಬೀಳುತ್ತದೆ. ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮೇಷ್ಟ್ರ ಮಾತನ್ನು ನೆನೆಸಿಕೊಂಡೆ: ಬಿಸಿ ಸುಮ್ಮನೆ ಇತ್ತಷ್ಟೇ, ಕೆಲಸ ಮಾಡುತ್ತಿರಲಿಲ್ಲ.

"ನಾಮಪದನಾ ಅಕ್ಕ?"

"ನಾಮಪದ. ಒತ್ತು."

ಅವಳು ಒತ್ತಿದಳು. ಬಲಗೈಯಲ್ಲೇ ಒತ್ತಿದಳು. ಮೆಷಿನ್ನು ಒಂದು ಸಲ ಮೈ ಕೊಡವಿಕೊಂಡು ಓಡತೊಡಗಿತು. ಒಳಗೆ ಹೋಳು ತುರಿಯುವ ಗರಗರ ಸದ್ದು ಕೇಳಿತು, ಆಮೇಲೆ ಕೆಳಗಿನ ಬಾಯಿಯಿಂದ ಬೆಳ್ಳಗೆ, ಬೆಚ್ಚಗೆ ತುರಿ ಉದುರಿತು. ಅತ್ತೆಯವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಒಳ್ಳೇ ಕಾಯಿ" ಎಂದರು. ನಮ್ಮ ತೋಟದ್ದು ಎಂಬ ಹೆಮ್ಮೆ, ಸ್ಪೇನಿಗೆ ಅದರಲ್ಲಿ ಪಾಲು ಕೊಡಲಿಲ್ಲ. ಶಿವಣ್ಣ ಸ್ವಲ್ಪ ಹೊತ್ತು ತುರಿ ಬೀಳುವುದನ್ನು ನೋಡಿ, "ಟಿಲ್ಲರಿಗೆ ಟಾರ್ಪಾಲು ಹೊದಿಸಿದ್ರಾಯ್ತು ಬುಡಿ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹೊರಗೆ ಹೋದ. ಗಿರಿಜಾ ತುರಿಯ ಕೆಳಗೆ ತಟ್ಟೆ ಹಿಡಿದಳು. ಅವಳು ಅಳುತ್ತಿದ್ದಳೋ, ಬಿಸಿಗಾಳಿ ಕಣ್ಣಿಗೆ ಹೊಡೆಯಿತೋ, ನಾನು ಕೇಳಲಿಲ್ಲ.

ಮಲ್ಲಣ್ಣ ಖಾಲಿ ಟೆಂಪೋ ಹತ್ತುವ ಮೊದಲು ಹಗ್ಗ ಸುತ್ತಿಕೊಳ್ಳುತ್ತ ನನ್ನ ಹತ್ತಿರ ಬಂದ. ಅವನ ದನಿಯಲ್ಲಿ ಬರುವಾಗ ಇಲ್ಲದ ಮರ್ಯಾದೆ ಇತ್ತು. "ಅಮ್ಮಾರೇ, ನಮ್ಮ ಗೋಡೌನಾಗೆ ಇಂಥದ್ದೇ ಇನ್ನೊಂದು ಬಿದ್ದೈತೆ. ಅದ್ರ ಪರದೆ ಮೇಲೂ ಏನೇನೋ ಬತ್ತದೆ, ಯಾರ ಕೈಲೂ ಓದಕ್ಕಾಗಿಲ್ಲ. ನೀವು ಒಸಿ ನೋಡಿ ಹೇಳ್ತೀರಾ?" ಇಡೀ ಒಂದು ಭಾಷೆಯಲ್ಲಿ ನಾನು ಪೂರ್ತಿಯಾಗಿ ಕಲಿತಿದ್ದದ್ದು ಒಂದು ಪದ. ಅದನ್ನು ಅಲ್ಲೇ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅತ್ತೆ, ಸಿದ್ದಮ್ಮ, ಗಿರಿಜಾ ಎಲ್ಲ ನಿಂತು ನನ್ನನ್ನೇ ನೋಡುತ್ತಿದ್ದರು. ಸೆರಗು ಸರಿಮಾಡಿಕೊಂಡು, "ಅದಕ್ಕೇನಂತೆ, ಕಳ್ಸಿ, ನೋಡಾಣ" ಎಂದೆ. ಮಲ್ಲಣ್ಣ ಕೈಮುಗಿದು ಹೊರಟ. ಟೆಂಪೋ ರಸ್ತೆಗೆ ಇಳಿದು ತಿರುವಿನಲ್ಲಿ ಮರೆಯಾದ ಮೇಲೆ ಗಿರಿಜಾ ಕೇಳಿದಳು: "ಅಕ್ಕ, ಅದು ಯಾವ ಭಾಷೇದಂತೆ?"

ನಾನು ಕೇಳಿರಲಿಲ್ಲ.